ಬಜೆ ತಿಕ್ಕಿದರೆ ಮಾತು ಮರಳುತ್ತದೆಯೇ? ಸತ್ಯಾಂಶ

"ತಲೆಗೆ ಪೆಟ್ಟು ಬಿದ್ದು ಮಗುವಿನ ಮಾತು ನಿಂತರೆ ಗಾಬರಿ ಬೇಡ. ಎಳೆ ಮಿದುಳು, ತಾನಾಗೇ ಸರಿಹೋಗುತ್ತೆ. ನಾಲಿಗೆಗೆ ಬಜೆ ತಿಕ್ಕಿ ಸಾಕು" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಬಂದಿದೆಯಾ? ಅದು ತಪ್ಪು.

ಪೆಟ್ಟು ಬಿದ್ದಿರುವುದು ಮಿದುಳಿಗೆ, ನಾಲಿಗೆಗಲ್ಲ. ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಎಷ್ಟೋ ಮಕ್ಕಳಿಗೆ ಮಾತು ಮರಳುತ್ತದೆ, ನಿಜ. ಆದರೆ ಎಳೆ ವಯಸ್ಸಿನ ಜೋರು ಪೆಟ್ಟು ಮುಂದೆ ಕಲಿಯಬೇಕಾದ ಭಾಷೆಗೂ ಅಡ್ಡ ಬರಬಹುದು. ಮನೆಯಲ್ಲಿ "ಅಮ್ಮಾ, ನೀರು" ಅನ್ನುವ ಮಗು, ಶಾಲೆಯಲ್ಲಿ ಕಾಗೆ-ಹೂಜಿ ಕತೆ ಹೇಳು ಅಂದರೆ ತಡವರಿಸಬಹುದು. ಹೂಜಿಗೆ "ಅದು... ನೀರು ಹಾಕೋದು" ಅನ್ನಬಹುದು. ಸೋಮಾರಿತನ ಅಂತ ಬೈಯಬೇಡಿ. ಪದ ಸಿಗುತ್ತಿಲ್ಲ, ಅಷ್ಟೇ.

ಸುಮ್ನೆ ಕಾಯುವುದೂ ಬೇಡ. ವೈದ್ಯರು ಹೇಳಿದ ಕೂಡಲೇ ಸ್ಪೀಚ್ ಥೆರಪಿ ಶುರುಮಾಡಿ. 1965ರಲ್ಲಿ ಶುರುವಾದ, ಈಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ತೊಂದರೆಗಳಿಗೆ.