ಮೂರು ಲಕ್ಷದ ಬೆಂಜ್ ಫೋಟೋ ಕಳಿಸುವ ಗೆಳೆಯರಿಗೆ

ವಾರಕ್ಕೊಬ್ಬರಾದರೂ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸುತ್ತಾರೆ. ಕಪ್ಪು ಬೆಂಜ್, ಇಲ್ಲಾ ಬೆಳ್ಳಿ ಬಣ್ಣದ ಬಿಎಂಡಬ್ಲ್ಯು. ಕೆಳಗೆ ಒಂದೇ ಸಾಲು: "ಮೂರು ಲಕ್ಷಕ್ಕ ಕೊಡ್ತಾರಂತ, ತಗೊಳ್ಳೇನ್ರೀ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಎಲ್ಲಾ ಒಂದೇ ಸಲ ಬರೆದು ಹಾಕುತ್ತಿದ್ದೇನೆ. ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ನನ್ನ ಹತ್ತಿರ ಇರುವುದು 2008ರ ಇ-ಕ್ಲಾಸ್. ಇ220 ಸಿಡಿಐ, ಡೀಸೆಲ್. ಈ ಗಾಡಿ ಬಲ್ಲವರು ಡಬ್ಲ್ಯು211 ಅನ್ನುತ್ತಾರೆ, ಉಳಿದವರು "ನಾಕ್ ಕಣ್ಣಿನ ಬೆಂಜ್" ಅನ್ನುತ್ತಾರೆ. ಸಪ್ತಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನಿಗೆ ಬೆಂಜ್ ಎಲ್ಲಿಂದ ಬಂತು ಅಂತ ಧಾರವಾಡದಲ್ಲಿ ಬಹಳ ಜನಕ್ಕೆ ಚಿಂತೆ. ಹೊಸ ಸಣ್ಣ ಗಾಡಿ ಬರುವ ದುಡ್ಡಿನಲ್ಲಿ ಬಂತು, ಅಷ್ಟೇ. ಹೊಸದಿದ್ದಾಗ ಅದರ ಬೆಲೆಗೆ ಇಲ್ಲಿ ಒಂದು ಮನೆಯೇ ಬರುತ್ತಿತ್ತು ಅನ್ನೋದು ಬೇರೆ ಮಾತು.

ನಾನು ಹೇಳುವುದು ಇಷ್ಟು. ಹಳೆಯ ದೊಡ್ಡ ಗಾಡಿ ತಗೊಳ್ಳುವುದು ಹುಚ್ಚಲ್ಲ. ಆದರೆ ತಗೊಳ್ಳುವುದಾದರೆ ಆ ಮಾಡೆಲ್‌ನಲ್ಲೇ ಎಲ್ಲಕ್ಕಿಂತ ಬಡವಾದದ್ದನ್ನು ಹುಡುಕಿ ತಗೊಳ್ಳಿ. ಸಣ್ಣ ಎಂಜಿನ್, ಮಾಮೂಲಿ ಸ್ಪ್ರಿಂಗು, ಕಡಿಮೆ ಬಟನ್ನು. ಫೋಟೋ ಕಳಿಸುವವರೆಲ್ಲ ಸರಿಯಾಗಿ ಇದರ ಉಲ್ಟಾ ಮಾಡುತ್ತಾರೆ. "ಸನ್‌ರೂಫ್ ಐತ್ರೀ, ಏರ್ ಸಸ್ಪೆನ್ಶನ್ ಐತ್ರೀ, ದೊಡ್ಡ ವಿ6 ಎಂಜಿನ್ ಐತ್ರೀ, ಫುಲ್ಲಿ ಲೋಡೆಡ್!" ಹದಿನೇಳು ವರ್ಷ ಹಳೆಯ ಗಾಡಿಯಲ್ಲಿ ಲೋಡ್ ಆಗಿರುವ ಒಂದೊಂದು ಐಟಮ್ಮೂ ನಿಮ್ಮ ಜೇಬಿಗೇ ಲೋಡು.

ಏರ್ ಸಸ್ಪೆನ್ಶನ್ನನ್ನೇ ನೋಡಿ. ಸ್ಪ್ರಿಂಗ್ ಬದಲು ರಬ್ಬರಿನ ಗಾಳಿಚೀಲ ಇರುತ್ತದೆ. ಹೊಸದಿದ್ದಾಗ ಸ್ವರ್ಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಬ್ಬರಿಗೆ ವಯಸ್ಸಾಗುತ್ತದೆ, ಸಣ್ಣ ಸೀಳು ಬೀಳುತ್ತದೆ, ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಮೂಲೆಗೆ ಕುಸಿದು ಕೂತಿರುತ್ತದೆ. ಸೋರಿದ ಗಾಳಿಯನ್ನು ತುಂಬಿ ತುಂಬಿ ಕಂಪ್ರೆಸರ್ ಸುಟ್ಟುಹೋಗುತ್ತದೆ. ಒಂದು ಚೀಲದ ರಿಪೇರಿ ಅಂದುಕೊಂಡದ್ದು ಎರಡು ಚೀಲ, ಒಂದು ಕಂಪ್ರೆಸರ್ ಆಗಿ ನಿಲ್ಲುತ್ತದೆ. ನನ್ನ ಗಾಡಿಗೆ ಇರುವುದು ಕಬ್ಬಿಣದ ಸ್ಪ್ರಿಂಗು. ಅದಕ್ಕೆ ವಯಸ್ಸಾಗುವುದಿಲ್ಲ ಅಂತಲ್ಲ, ಆದರೆ ಬದಲಿಸಲು ಯಾವ ಮಿಸ್ತ್ರಿಯಾದರೂ ಸಾಕು.

ಬ್ರೇಕಿನದೂ ಅದೇ ಕಥೆ. ಇದೇ ಡಬ್ಲ್ಯು211ರ ಮೊದಲ ವರ್ಷಗಳ ಗಾಡಿಗಳಲ್ಲಿ ಎಸ್‌ಬಿಸಿ ಅಂತ ಕರೆಂಟಿನಿಂದ ನಡೆಯುವ ಬ್ರೇಕ್ ವ್ಯವಸ್ಥೆ ಇತ್ತು. ಎಷ್ಟು ಸಲ ಬ್ರೇಕ್ ಒತ್ತಿದಿರಿ ಅಂತ ಅದು ಲೆಕ್ಕ ಇಡುತ್ತದೆ, ಲೆಕ್ಕ ಮುಗಿದರೆ ಘಟಕ ಬದಲಿಸು ಅಂತ ಎಚ್ಚರಿಕೆ ಕೊಡುತ್ತದೆ. 2004, 2005ರಲ್ಲಿ ಜಗತ್ತಿನಾದ್ಯಂತ ಗಾಡಿ ವಾಪಸ್ ಕರೆಸಿ ಸರಿಮಾಡಿಕೊಡಬೇಕಾಯಿತು. 2006ರಲ್ಲಿ ಮುಖ ಬದಲಿಸಿದ ಮಾಡೆಲ್ ಬಂದಾಗ ಕಂಪನಿಯೇ ಅದನ್ನು ಕೈಬಿಟ್ಟು ಮಾಮೂಲಿ ಬ್ರೇಕಿಗೆ ಬಂತು. ಅದಕ್ಕೇ ನಾನು 2006ರ ಹಿಂದಿನದನ್ನು ನೋಡಲೂ ಹೋಗಲಿಲ್ಲ, ಎಷ್ಟೇ ಅಗ್ಗಕ್ಕೆ ಕೊಟ್ಟರೂ.

ಪೆಟ್ರೋಲ್ ಯಾಕೆ ಬೇಡ ಅಂತ ಕೆಲವರು ಕೇಳುತ್ತಾರೆ. ಈಗ ಬಂಕಿನಲ್ಲಿ ಸಿಗುವುದು ಇ20, ಶೇಕಡಾ 20ರಷ್ಟು ಎಥನಾಲ್. ಆ ಕಾಲದ ಪೆಟ್ರೋಲ್ ಗಾಡಿಗಳ ರಬ್ಬರ್ ಪೈಪು, ಸೀಲುಗಳನ್ನು ಅದಕ್ಕಾಗಿ ಮಾಡಿಲ್ಲ. ಡೀಸೆಲ್‌ಗೆ ಆ ತಲೆನೋವಿಲ್ಲ. ಜೊತೆಗೆ ಹೈವೇಯಲ್ಲಿ ಲೀಟರಿಗೆ 13-14 ಕೊಡುತ್ತದೆ, ಈ ಮೈಕಟ್ಟಿಗೆ ಅದು ಕಡಿಮೆಯೇನಲ್ಲ.

ಹಾಗಂತ ಈ ಡೀಸೆಲ್ ಎಂಜಿನ್ನಿಗೆ ರೋಗವೇ ಇಲ್ಲ ಅಂತಲ್ಲ. ಗಾಡಿ ನೋಡಲು ಹೋಗುವಾಗ ನಾನು ಹುಬ್ಬಳ್ಳಿಯ ನಮ್ಮ ಮಿಸ್ತ್ರಿಯನ್ನು ಕರೆದುಕೊಂಡು ಹೋಗುತ್ತಿದ್ದೆ. ಗೋಕುಲ ರೋಡಿನ ಕಡೆ ಅವರದೊಂದು ಸಣ್ಣ ಶೆಡ್ಡು, ಬೋರ್ಡೂ ಇಲ್ಲ. ಒಂದು ಗಾಡಿ ಹೊರಗಿನಿಂದ ಕನ್ನಡಿ, ನನಗಂತೂ ಕಣ್ಣು ಕೀಳಲಾಗಲಿಲ್ಲ. ಅವರು ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಬಾನೆಟ್ ತೆಗೆಸಿದರು, ಗಾಡಿ ಚಾಲೂ ಮಾಡಿಸಿದರು, ಸುಮ್ನೆ ನಿಂತರು. ಆಮೇಲೆ ನನ್ನನ್ನು ಕರೆದು, "ಸರ್, ಇಲ್ಲಿ ಕಿವಿ ಕೊಡ್ರಿ. ಚಫ್ ಚಫ್ ಅಂತೈತಲ್ಲ, ಅದು ಸೋರಿಕಿ" ಅಂದರು. ಎಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎತ್ತಿದರೆ ಮೂರನೇ ಇಂಜೆಕ್ಟರಿನ ಬುಡದಲ್ಲಿ ಡಾಂಬರು ಮೆತ್ತಿದ ಹಾಗೆ ಕಪ್ಪು ಗಟ್ಟಿ. ಸ್ಕ್ರೂ ಡ್ರೈವರಿನಿಂದ ಕೆದರಿದರೆ ಹಳಕು ಹಳಕಾಗಿ ಬರುತ್ತದೆ.

ಅದರ ಕಾರಣ ಒಂದು ತಾಮ್ರದ ವಾಷರ್. ಇಂಜೆಕ್ಟರಿನ ಕೆಳಗೆ ಕೂರುವ ಸಣ್ಣ ಬಳೆ, ಅದರ ಬೆಲೆ ಹೇಳಿದರೆ ನಗು ಬರುತ್ತದೆ. ಅದರ ಹಿಡಿತ ಹೋದಾಗ ಎಂಜಿನ್ನಿನ ಒಳಗಿನ ಬೆಂಕಿಯ ಗಾಳಿ ಮಸಿ ಸಮೇತ ಮೇಲೆ ಬಂದು ಗಟ್ಟಿಯಾಗುತ್ತದೆ. ಬೇಗ ಗೊತ್ತಾದರೆ ಕೂರುವ ಜಾಗ ಉಜ್ಜಿ, ಹೊಸ ವಾಷರ್ ಹಾಕಿ, ಹಿಡಿಯುವ ಬೋಲ್ಟನ್ನೂ ಹೊಸದು ಹಾಕಿದರೆ ಮುಗಿಯಿತು. ಹಳೇ ಬೋಲ್ಟನ್ನೇ ಮತ್ತೆ ಬಿಗಿದರೆ ಆಗುವುದಿಲ್ಲ, ಅದು ಒಂದೇ ಸಲ ಹಿಗ್ಗುವ ಜಾತಿ. ಬಿಟ್ಟರೆ ಇಂಜೆಕ್ಟರ್ ಅಲ್ಲೇ ಅಂಟಿಕೊಂಡು, ಕೀಳುವುದಕ್ಕೇ ಒಂದು ದಿನ ಬೇಕಾಗುತ್ತದೆ, ಎಂಜಿನ್ ಹೆಡ್ಡಿನವರೆಗೂ ಕೆಲಸ ಹೋಗಬಹುದು. ಆ ಗಾಡಿ ಬಿಟ್ಟು ಬಂದೆವು. ಮಾರುವವರು "ಸ್ವಲ್ಪ ಆಯಿಲ್ ಚೆಲ್ಲಿರಬೇಕು" ಅಂದರು, ಪಾಪ.

ಗೇರ್‌ಬಾಕ್ಸಿನದೂ ಹಾಗೇ ಒಂದು ಸಣ್ಣ ವಸ್ತು ಇದೆ. ಈ ಗಾಡಿಯ ಐದು ಗೇರಿನ ಆಟೋಮ್ಯಾಟಿಕ್ ಬಾಕ್ಸ್ ಬಹಳ ಗಟ್ಟಿ. ಆದರೆ ಅದಕ್ಕೆ ವೈರ್ ಸೇರುವ ಜಾಗದ ಪ್ಲಾಸ್ಟಿಕ್ ಕನೆಕ್ಟರಿನ ರಬ್ಬರ್ ರಿಂಗು ಒಣಗಿದರೆ ಆಯಿಲ್ ವೈರಿನ ಒಳಗೊಳಗೇ ಏರಿ ಹೋಗಿ ಗೇರಿನ ಕಂಪ್ಯೂಟರ್ ಡಬ್ಬಿ ಸೇರುತ್ತದೆ. ಕನೆಕ್ಟರಿಗೆ ನೂರುಗಳ ಲೆಕ್ಕ, ಡಬ್ಬಿಗೆ ಹತ್ತಾರು ಸಾವಿರದ ಲೆಕ್ಕ. ಗೇರ್ ಆಯಿಲ್ ಜೀವನಪರ್ಯಂತ ಬದಲಿಸಬೇಕಿಲ್ಲ ಅಂತ ಯಾರಾದರೂ ಹೇಳಿದರೆ ಯಾರ ಜೀವನಪರ್ಯಂತ ಅಂತ ಕೇಳಿ. 60 ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಿ, ಫಿಲ್ಟರ್ ಸಮೇತ.

ಸಾಮಾನಿನ ವಿಷಯ. ಶೋರೂಮಿನ ಡಬ್ಬಿಯಲ್ಲೇ ಬರಬೇಕು ಅಂತ ಹಟ ಹಿಡಿದರೆ ಅಂಗಡಿ ಮಾರಬೇಕಾಗುತ್ತದೆ. ಸಸ್ಪೆನ್ಶನ್ನಿಗೆ ಲೆಮ್‌ಫೋರ್ಡರ್, ಫಿಲ್ಟರಿಗೆ ಮಾನ್ ಅಥವಾ ಮಾಲೆ, ಸೆನ್ಸರಿಗೆ ಬಾಷ್ ತಗೊಳ್ಳಿ. ಕಾರ್ ಕಂಪನಿಗಳಿಗೆ ಸಾಮಾನು ಮಾಡಿಕೊಡುವವರು ಇವರೇ, ಡಬ್ಬಿಯ ಮೇಲೆ ಬೆಂಜಿನ ನಕ್ಷತ್ರದ ಗುರುತು ಇಲ್ಲದಿದ್ದರೆ ಬೆಲೆ ಎಷ್ಟೋ ಇಳಿಯುತ್ತದೆ. ಬಾಗಿಲ ಹಿಡಿಕೆ, ಸ್ವಿಚ್ಚು, ಲೈಟು ಇಂಥವಕ್ಕೆ ಬೆಂಗಳೂರಿನ ಶಿವಾಜಿನಗರದ ಗುಜರಿ ಇಲ್ಲವೇ ಮುಂಬಯಿಯ ಕುರ್ಲಾ. ಫೋಟೋ ನೋಡಿ ಒಪ್ಪಿದರೆ ರಾತ್ರಿ ಬಸ್ಸಿಗೆ ಹಾಕುತ್ತಾರೆ, ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿಸಿಕೊಳ್ಳುವುದು. ಆದರೆ ಬ್ರೇಕ್, ಸ್ಟೇರಿಂಗ್ ಸಾಮಾನು ಗುಜರಿಯಿಂದ ಬೇಡ. ಅಲ್ಲಿ ಜಿಪುಣತನ ಮಾಡಬೇಡಿ.

ಇನ್ನು ನಮ್ಮ ರಸ್ತೆ. ಪುಣೆ-ಬೆಂಗಳೂರು ಹೈವೇಗೆ ಬಿಟ್ಟರೆ ಈ ಗಾಡಿಗೆ ವಯಸ್ಸು ನೆನಪೇ ಇರುವುದಿಲ್ಲ. ಆದರೆ ನನ್ನ ಹೆಂಡತಿಯ ತವರು ನವಲಗುಂದದ ಕಡೆ. ಅದು ಎರೆ ಭೂಮಿ, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಮೇಲೆ ಎಷ್ಟು ಚೆಂದ ಟಾರ್ ಹಾಕಿದರೂ ಎರಡು ವರ್ಷಕ್ಕೆ ರಸ್ತೆ ಅಲೆ ಅಲೆ. ಮುಂದಿನ ಚಕ್ರ ಹಿಡಿಯುವ ಆರ್ಮ್‌ಗಳ ರಬ್ಬರ್ ಬುಷ್‌ಗಳು, ಬಾಲ್ ಜಾಯಿಂಟ್‌ಗಳು ಸವೆಯುವುದು ಅಲ್ಲೇ. ಹಂಪ್ ಬಂದರೆ ಓರೆಯಾಗಿ ಹತ್ತಿಸಬೇಕು, ಹಿಂದಿನ ಟಂಟಂ ಆಟೋದವನು ಬೈಯುತ್ತಾನೆ, ಬೈಯಲಿ. ಅತ್ತೆ-ಮಾವ ಇಬ್ಬರನ್ನೂ ಕೂರಿಸಿದಾಗ ಇನ್ನೂ ನಿಧಾನ. ಆದರೆ ಒಂದು ಮಾತು ಹೇಳಲೇಬೇಕು. ಆ ಅಲೆಗಳ ಮೇಲೆ ಹೋಗುವಾಗ ಹಿಂದಿನ ಸೀಟಿನಲ್ಲಿ ಕೂತ ನಮ್ಮ ಮಾವ ಬೆನ್ನುನೋವಿನ ಮಾತೇ ಎತ್ತುವುದಿಲ್ಲ, ಅಣ್ಣಿಗೇರಿ ದಾಟಿ ಗದಗಿನ ತನಕ ಹೋದರೂ. ಬೇರೆ ಗಾಡಿಯಲ್ಲಿ ಅರ್ಧ ತಾಸಿಗೆ ಶುರು ಮಾಡುತ್ತಾರೆ.

ದುಡ್ಡು ಕೊಟ್ಟಿದ್ದು ಅದಕ್ಕೇ ಕಣ್ರೀ. ಸೀಟು, ಬಾಗಿಲು ಮುಚ್ಚಿದಾಗಿನ ಆ ಒಂದು "ಧಪ್", 100ರ ವೇಗದಲ್ಲಿ ಗಾಡಿ ರಸ್ತೆಗೆ ಕಚ್ಚಿಕೊಂಡು ಹೋಗುವ ರೀತಿ. ಇದು ಕಬ್ಬಿಣದಲ್ಲಿ, ಅಳತೆಯಲ್ಲಿ ಇರುವ ಐಷಾರಾಮು, ಹಳೆಯದಾಗುವುದಿಲ್ಲ. ವೈರು, ಮೋಟಾರು, ಪರದೆಗಳಲ್ಲಿರುವುದು ಹತ್ತು ವರ್ಷಕ್ಕೆ ಮುದಿಯಾಗುತ್ತದೆ. ಮೊದಲನೆಯದು ಎಲ್ಲಕ್ಕಿಂತ ಅಗ್ಗದ ಇ-ಕ್ಲಾಸಿನಲ್ಲೂ ಇದೆ. ಎರಡನೆಯದಕ್ಕೆ ಯಾಕೆ ಜಾಸ್ತಿ ದುಡ್ಡು ಕೊಡುತ್ತೀರಿ?

ಈಗ ಕಾಗದ ಪತ್ರ. ಮೂರು ಲಕ್ಷದ ಫೋಟೋಗಳಲ್ಲಿ ಹೆಚ್ಚಿನವು ದಿಲ್ಲಿಯವು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ 2015ರಿಂದ ಹಸಿರು ನ್ಯಾಯಮಂಡಳಿಯ ನಿಷೇಧದ ಕತ್ತಿ ತೂಗುತ್ತಿದೆ, ಅದಕ್ಕೇ ಅಷ್ಟು ಅಗ್ಗ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪ ಇಲ್ಲ ಅನ್ನುವ ಪತ್ರ, ತಂದು ಇಲ್ಲಿ ಧಾರವಾಡದ ಕೆಎ-25 ನಂಬರ್ ಹಾಕಿಸಿಕೊಂಡರಾಯಿತು ಅನ್ನುತ್ತೀರಿ. ಕರ್ನಾಟಕದ ಆಜೀವ ತೆರಿಗೆ ನೆನಪಿದೆಯಾ? ಗಾಡಿ ಹಳೆಯದಾದಷ್ಟು ರಿಯಾಯಿತಿ ಉಂಟು, ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಮೂರು ಲಕ್ಷದಿಂದಲ್ಲ, ಅದು ಹೊಸದಿದ್ದಾಗಿನ ಬೆಲೆಯಿಂದ. ಆರ್‌ಟಿಒದಲ್ಲಿ ಆ ಅಂಕಿ ಕೇಳಿಕೊಂಡು ಬಂದು ಆಮೇಲೆ ಅಡ್ವಾನ್ಸ್ ಕೊಡಿ. ನಾನು ಮೊದಲಿನಿಂದ ಕರ್ನಾಟಕದಲ್ಲೇ ಓಡಿದ್ದು, ಸರ್ವಿಸ್ ಪುಸ್ತಕ ಇರುವುದೇ ಬೇಕು ಅಂತ ಕೂತು, ಲಕ್ಷ ಜಾಸ್ತಿಯೇ ಕೊಟ್ಟೆ. ಮೀಟರ್ ತಿರುವುವವರು ಎಲ್ಲಾ ಊರಲ್ಲೂ ಇದ್ದಾರೆ, ಆದರೆ ಪುಸ್ತಕದಲ್ಲಿ ವರ್ಷವಾರು ಬರೆದ ಕಿಲೋಮೀಟರನ್ನು ತಿರುವುವುದು ಅಷ್ಟು ಸುಲಭವಲ್ಲ.

15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣ, ಮುಂದೆ ಐದೈದು ವರ್ಷಕ್ಕೊಮ್ಮೆ. 2022ರ ಏಪ್ರಿಲ್‌ನಿಂದ ಖಾಸಗಿ ಕಾರಿಗೆ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಹೊರದೇಶದಿಂದ ಇಡಿಯಾಗಿ ತಂದ ಗಾಡಿಯಾದರೆ 40,000. ಇ-ಕ್ಲಾಸನ್ನು ಪುಣೆಯಲ್ಲಿ ಜೋಡಿಸುತ್ತಿದ್ದರಲ್ಲ, ಬಚಾವ್. ನನ್ನದಕ್ಕೆ 2028ಕ್ಕೆ 20 ತುಂಬುತ್ತದೆ, 2025ರ ಆಗಸ್ಟಿನಲ್ಲಿ ಬಂದ ಹೊಸ ನಿಯಮದಂತೆ ಆಗ 10,000 ಕಟ್ಟಬೇಕು. ಅದು ಒಂದು ಟೈರಿನ ದುಡ್ಡು, ತಡೆದುಕೊಳ್ಳಬಹುದು.

ವಿಮೆಯಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ. 1500 ಸಿಸಿ ಮೇಲಿನ ಗಾಡಿಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 7,897 ರೂಪಾಯಿ, ಮೇಲೆ ಜಿಎಸ್‌ಟಿ, ಅದೇನೂ ಭಾರ ಅಲ್ಲ. ಗಾಡಿಯ ಸ್ವಂತ ಬೆಲೆ, ಅಂದರೆ ಐಡಿವಿ, ಐದು ವರ್ಷ ದಾಟಿದ ಮೇಲೆ ನೀವೂ ಕಂಪನಿಯವರೂ ಮಾತಾಡಿ ಒಪ್ಪಿಕೊಳ್ಳಬೇಕಾದದ್ದು, ಎಷ್ಟೇ ಜಗ್ಗಾಡಿದರೂ ಮೂರು-ನಾಲ್ಕು ಲಕ್ಷ. ರಿಪೇರಿ ಖರ್ಚು ಅದರ ಶೇಕಡಾ 75 ದಾಟಿದರೆ ಗಾಡಿ ಮುಗಿಯಿತು ಅಂತ ಲೆಕ್ಕ. ಬಂಪರ್, ಎರಡು ಹೆಡ್‌ಲೈಟು, ರೇಡಿಯೇಟರ್, ಏರ್‌ಬ್ಯಾಗು, ಎಲ್ಲಾ ಹೊಸದು ಹಾಕಿದರೆ ಆ ಗೆರೆ ಬಹಳ ಬೇಗ ಬರುತ್ತದೆ. ಓಡುವ ಗಾಡಿ ಒಂದು ಹೊಡೆತಕ್ಕೆ ಕಾಗದದ ಮೇಲೆ ಸತ್ತುಹೋಗಬಹುದು. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಲಾರಿಗಳ ನಡುವೆ ನಾನು ಆತುರ ಮಾಡದಿರುವುದಕ್ಕೆ ಇದೂ ಒಂದು ಕಾರಣ.

ದಿನಾ ಓಡಿಸಲು ನನಗೆ ಸ್ಕೂಟರ್ ಇದೆ. ಹುಬ್ಬಳ್ಳಿಗೆ ಸಂತೆ ಮಾಡಲು ಹೋದರೆ ಚಿಗರಿ ಬಸ್ಸು, ದುರ್ಗದಬೈಲಿನ ಸುತ್ತ ಈ ಗಾಡಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಸಂತೆ ಮುಗಿದಿರುತ್ತದೆ. ಇದೊಂದೇ ಗಾಡಿ, ಇದರಲ್ಲೇ ನಾಳೆ ಆಫೀಸಿಗೆ ಹೋಗಬೇಕು ಅನ್ನುವವರು ದಯವಿಟ್ಟು ಬೇಡ. ಒಂದು ಸೆನ್ಸರ್ ಬರಲು ನಾಲ್ಕು ದಿನ ಆಗಬಹುದು, ಆ ನಾಲ್ಕು ದಿನ ನೀವು ಶಾಂತವಾಗಿ ಇರಬೇಕು. ಕೊಂಡ ದುಡ್ಡಿನ ಅರ್ಧದಷ್ಟಾದರೂ ಬ್ಯಾಂಕಿನಲ್ಲಿ ಬೇರೆ ಇರಬೇಕು. ಸಾಲ ತೆಗೆದು ಇದನ್ನು ತಗೊಳ್ಳುವವರಿಗೆ ನಾನು ಉತ್ತರವನ್ನೇ ಕೊಡುವುದಿಲ್ಲ.

ನನಗೆ ಟೈರು, ಆಯಿಲ್, ಬುಷ್ಷು, ವಿಮೆ ಎಲ್ಲಾ ಸೇರಿ ವರ್ಷಕ್ಕೆ 60-70 ಸಾವಿರ ಹಿಡಿಯುತ್ತದೆ. ಜಾಸ್ತಿ ಅನಿಸಿತಾ? ನಮ್ಮ ಗಲ್ಲಿಯಲ್ಲಿ 12 ಲಕ್ಷದ ಹೊಸ ಗಾಡಿ ತಂದವರ ಕಂತು ನಾಲ್ಕು ತಿಂಗಳಿಗೇ ಅಷ್ಟಾಗುತ್ತದೆ. ವಿಮೆಯವರ ಪಟ್ಟಿಯಲ್ಲೇ ಆ ಗಾಡಿಗೆ ಮೊದಲ ವರ್ಷ ಶೇಕಡಾ 15, ಐದನೇ ವರ್ಷಕ್ಕೆ ಅರ್ಧಕ್ಕರ್ಧ ಬೆಲೆ ಹೋಗಿರುತ್ತದೆ. ಆ ನಷ್ಟಕ್ಕೆ ಬಿಲ್ ಬರುವುದಿಲ್ಲ, ಅದಕ್ಕೇ ಯಾರಿಗೂ ಉರಿಯುವುದಿಲ್ಲ. ನನ್ನ ಗಾಡಿಯ ಬೆಲೆ ಇಳಿಯುವಷ್ಟು ಇಳಿದಾಗಿದೆ.

ಜನರ ಖರ್ಚು ಬೇರೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಗಾಡಿ ಬಂದ ಮೇಲೆ ಗಣಪತಿ ಹಬ್ಬದ ಚಂದಾ ಪಟ್ಟಿ ಏರಿತು. "ಸಾಹುಕಾರ್ರ, ನಿಮ್ಮಂಥಾವ್ರು ಐದು ನೂರು ಬರದ್ರ ಹ್ಯಾಂಗ?" ಅಂತ ಹುಡುಗರು ಗೇಟಿನಲ್ಲಿ ನಿಲ್ಲುತ್ತಾರೆ. ಟೈರ್ ಅಂಗಡಿಯಲ್ಲಿ ಗಾಡಿ ನೋಡಿ ಒಂದು ರೇಟು, ನಡೆದು ಹೋಗಿ ಅಳತೆ ಹೇಳಿದರೆ ಇನ್ನೊಂದು ರೇಟು. 225/55 ಆರ್16, ಇಷ್ಟೇ ಹೇಳಿ, ಯಾವ ಗಾಡಿ ಅಂತ ಹೇಳಬೇಡಿ. ಹದಿನೈದು ವರ್ಷದಿಂದ ಮಾತಾಡದ ದೂರದ ಕಾಕಾ ಒಬ್ಬರು ಫೋನ್ ಮಾಡಿ ಆರೋಗ್ಯ ವಿಚಾರಿಸಿ, ಕೊನೆಗೆ ಎರಡು ಲಕ್ಷ ಕೈಗಡ ಕೇಳಿದರು. ಗಾಡಿಯ ಬೆಲೆ ಹೇಳಿದೆ, ನಂಬಲಿಲ್ಲ.

ಕೊನೆಗೆ ಒಂದು ವಿನಂತಿ, ಇದು ಊರಿನವರಿಗೆ. ಮದುವೆಗೆ ಗಾಡಿ ಕೇಳಬೇಡಿ. ಹೂ ಅಂಟಿಸಲು ಟೇಪು ಹಚ್ಚಿದರೆ ಹಳೇ ಪೇಂಟು ಕಿತ್ತು ಬರುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಬ್ಯಾಂಡಿನ ಹಿಂದೆ ಎರಡು ತಾಸು ನಡಿಗೆ ವೇಗದಲ್ಲಿ ಎಸಿ ಹಾಕಿಕೊಂಡು ಹೋಗಲು ಈ ವಯಸ್ಸಿನ ರೇಡಿಯೇಟರ್ ಫ್ಯಾನಿಗೆ ಆಗುವುದಿಲ್ಲ. ಬಾನೆಟ್ ಮೇಲೆ ಹುಡುಗರು ಹತ್ತಿ ಕುಣಿಯುವುದಂತೂ ಬೇಡವೇ ಬೇಡ. ಮದುಮಗನನ್ನು ಬೇಕಾದರೆ ಸ್ಕೂಟರಿನಲ್ಲಿ ಮಂಟಪದ ತನಕ ನಾನೇ ಬಿಟ್ಟು ಬರುತ್ತೇನೆ, ಪೆಟ್ರೋಲೂ ನಂದೇ.