ಅರ್ಧ ಇಂಚು ಸಾಲ್ತಿಲ್ಲ ಬೇಟಾ

ಅಕ್ಕನ ಮಗನಿಗೆ ಗೇಮಿಂಗ್ ಕಂಪ್ಯೂಟರ್ ಬೇಕಂತೆ. ಮನೆಯಲ್ಲಿ "ಓದೋಕೆ" ಅಂತ ಹೇಳಿದ್ದಾನೆ. ಅಕ್ಕ ನಂಬಿಲ್ಲ, ಭಾವ ನಂಬಿದ್ದಾರೆ. ದುಡ್ಡು ಭಾವನದು, ಅಷ್ಟು ಸಾಕಲ್ವಾ? ಬಜೆಟ್ 70,000 ರೂಪಾಯಿ. ರೆಡಿಮೇಡ್ ತಗೊಂಡಿದ್ರೆ ಒಂದೇ ದಿನಕ್ಕೆ ಮುಗೀತಿತ್ತು. ಆದರೆ ನಾನು ಸೋದರಮಾವ ನೋಡಿ, ಸುಮ್ನೆ ಇರೋಕಾಗುತ್ತಾ? "ಬಿಡಲೇ, ಒಂದೊಂದೇ ಸಾಮಾನು ತಂದು ಜೋಡಿಸಿದ್ರೆ ಹತ್ತು ಸಾವಿರ ಉಳಿಯುತ್ತೆ, ನಾನೇ ಮಾಡಿಕೊಡ್ತೀನಿ" ಅಂದುಬಿಟ್ಟೆ. ಅಲ್ಲಿಯವರೆಗೆ ಈ ಕ್ಷೇತ್ರದಲ್ಲಿ ನನ್ನ ಅನುಭವ ಅಂದ್ರೆ, ಆಫೀಸಿನ ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯೋದು.

ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದೆ. ಎಲ್ಲ ತುಂಬೋ ಪೆಟ್ಟಿಗೆ ಅಂದ್ರೆ ಕ್ಯಾಬಿನೆಟ್ಟು ಕೊಂಡೆ, ಸ್ಕ್ರೀನಿಗೆ ಚಿತ್ರ ಕಳಿಸೋ ಗ್ರಾಫಿಕ್ಸ್ ಕಾರ್ಡ್ ಕೊಂಡೆ, ರೈಜನ್ 5 5600 ಪ್ರೊಸೆಸರ್ ಕೊಂಡೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಇವನ್ನೆಲ್ಲ ಕೂರಿಸೋ ಬಿ450 ಬೋರ್ಡ್ ಒಂದು ಸಿಕ್ತು. ಪ್ರೊಸೆಸರ್, ಬೋರ್ಡ್ ಎರಡೂ ಎಎಂ4 ಸಾಕೆಟ್, ಹೆಸರು ಒಂದೇ ಅಂದ್ಮೇಲೆ ಕೂಡಿಕೊಳ್ಳಲೇಬೇಕು ಅಂತ ನನ್ನ ಲೆಕ್ಕ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಕ್ಯಾಬಿನೆಟ್ಟನ್ನು ಬರ್ತ್ ಮೇಲೆ ಮಲಗಿಸಿ, ನಾನು ಅದರ ಕಾಲ ಹತ್ತಿರ ಮುದುಡಿಕೊಂಡು ಬಳ್ಳಾರಿಗೆ ಬಂದೆ. ಹಾದು ಹೋದವರೆಲ್ಲ ಒಮ್ಮೆ ನಿಂತು, ಬಾಕ್ಸ್ ನೋಡಿ, ನನ್ನನ್ನೂ ನೋಡಿ ಹೋದರು.

ರ‍್ಯಾಮ್ ಮಾತ್ರ ಆನ್‌ಲೈನಲ್ಲಿ ತರಿಸಿದ್ದೆ. ಡಿಡಿಆರ್4ಗಿಂತ ಡಿಡಿಆರ್5 ದೊಡ್ಡ ನಂಬರ್, ಅಳಿಯನಿಗೆ ದೊಡ್ಡದೇ ಇರಲಿ ಅಂತ ಅದನ್ನೇ ಹಾಕಿದ್ದೆ. ಎರಡಕ್ಕೂ 288 ಪಿನ್ನೇ, ಉದ್ದವೂ ಒಂದೇ. ನಡುವಿನ ಕಚ್ಚು ಮಾತ್ರ ಚೂರು ಪಕ್ಕಕ್ಕೆ ಸರಿದಿರುತ್ತೆ, ಡಿಡಿಆರ್4 ಬೋರ್ಡಿಗೆ ನಮ್ಮಂಥವರು ಡಿಡಿಆರ್5 ಹಾಕಬಾರದು ಅಂತಲೇ. ನಾನು ಹಾಕೋಕೆ ಹೋದೆ. "ಮಾವ, ಗುದ್ದಬ್ಯಾಡ" ಅಂದ ಅಳಿಯ. ವಾಪಸ್ ಕಳಿಸಿದೆ, ಆ ಕಥೆ ಅಲ್ಲಿಗೆ ಮುಗೀತು.

ಮುಗಿಯದ ಕಥೆ ಗ್ರಾಫಿಕ್ಸ್ ಕಾರ್ಡ್‌ದು. ಕಾರ್ಡ್ 300 ಮಿಲಿಮೀಟರ್ ಉದ್ದ, ಕ್ಯಾಬಿನೆಟ್ 310ರವರೆಗೆ ಹಿಡಿಯುತ್ತೆ ಅಂತ ಡಬ್ಬದ ಮೇಲೇ ಬರೆದಿತ್ತು. ಆದರೆ ಒಳಗೆ ಹೋಗ್ತಿಲ್ಲ. ಓರೆ ಮಾಡಿದೆ, ತಲೆಕೆಳಗೆ ಮಾಡಿದೆ, ಉಸಿರು ಬಿಗಿಹಿಡಿದೂ ನೋಡಿದೆ (ಕಾರ್ಡ್‌ದಲ್ಲ, ನಂದು). ಅಷ್ಟೊತ್ತಿಗೆ ಎದುರು ಮನೆ ಚಾಚಾ ಬಂದರು. ಕೌಲ್ ಬಜಾರ್ ಕಡೆ ಜೀನ್ಸ್ ಕಟಿಂಗ್ ಮಾಸ್ಟರ್. ಕೊರಳಲ್ಲಿ ಟೇಪು ಯಾವಾಗ್ಲೂ ಇರುತ್ತೆ, ಮದುವೆಗೂ ಹಾಗೇ ಬಂದಿದ್ದರು.

"ಅಳತೆ ತಗೊಂಡ್ಯಾ ಬೇಟಾ?"

"ಡಬ್ಬದ ಮೇಲೆ ಬರೆದಾರೆ ಚಾಚಾ."

ಚಾಚಾ ನಕ್ಕರು. ಒಂದರ ಮೇಲೊಂದು ಬಟ್ಟೆ ಹಾಸಿ ಮಷಿನ್ನಿನಲ್ಲಿ ಒಟ್ಟಿಗೇ ಕತ್ತರಿಸೋ ಕೆಲಸ ಅವರದು. ಒಂದು ಕಡೆ ಅಳತೆ ತಪ್ಪಿದರೆ ಅಷ್ಟೂ ಪ್ಯಾಂಟು ಹಾಳು. ಅಂಥವರಿಗೆ ಡಬ್ಬದ ಮಾತು ಯಾವ ಲೆಕ್ಕ? ಟೇಪು ತೆಗೆದು ಕಾರ್ಡ್ ಹಿಡಿದರು, ಹನ್ನೆರಡು ಇಂಚಿಗೆ ಎರಡು ನೂಲು, ಅಂದ್ರೆ ಕಾಲು ಇಂಚು ಕಮ್ಮಿ. ಕ್ಯಾಬಿನೆಟ್ಟಿನ ಒಳಗೆ ಹಿಡಿದರು, ಹನ್ನೊಂದೂ ಕಾಲು. "ಅರ್ಧ ಇಂಚು ಸಾಲ್ತಿಲ್ಲ ಬೇಟಾ." ಆಮೇಲೆ ಮುಂದುಗಡೆ ಕೂತಿದ್ದ ಫ್ಯಾನಿನ ದಪ್ಪ ನೋಡಿದರು. ಸರಿಯಾಗಿ ಒಂದಿಂಚು. ಡಬ್ಬದ ಮೇಲಿನ 310 ಅಂದ್ರೆ ಮುಂದಿನ ಫ್ಯಾನ್ ಇಲ್ಲದಾಗಿನ ಅಳತೆ! ಅದನ್ನು ಎಷ್ಟು ಸಣ್ಣ ಅಕ್ಷರದಲ್ಲಿ ಹಾಕಿದ್ದರು ಅಂದ್ರೆ, ಮೊಬೈಲಲ್ಲಿ ಫೋಟೋ ತೆಗೆದು ಹಿಗ್ಗಿಸಿದ ಮೇಲೆ ನನಗೆ ಕಂಡಿತು. "ಈ ಪಂಖಾ ತೆಗಿ, ಅರ್ಧ ಇಂಚು ಮಾರ್ಜಿನ್ ಉಳೀತೈತಿ" ಅಂದರು ಚಾಚಾ. ಅಳಿಯನ ಮುಖ ಸಣ್ಣದಾಯ್ತು. ಆ ಕೆಂಪು ಲೈಟಿನ ಫ್ಯಾನ್ ನೋಡಿಯೇ ಅವನು ಈ ಕ್ಯಾಬಿನೆಟ್ ಆರಿಸಿದ್ದು.

ಡಿಡಿಆರ್4 ರ‍್ಯಾಮ್ ಬಂತು, ಎಲ್ಲ ಜೋಡಿಸಿ ಬಟನ್ ಒತ್ತಿದೆವು. ಉಳಿದ ಫ್ಯಾನುಗಳು ತಿರುಗಿದವು. ಸ್ಕ್ರೀನ್ ಕಪ್ಪಗೇ ಇತ್ತು.

ನನ್ನ ಬೋರ್ಡಿನ ಬಿ450 ಚಿಪ್‌ಸೆಟ್ ಬಂದದ್ದು 2018ರಲ್ಲಿ, 5600 ಪ್ರೊಸೆಸರ್ ಬಂದದ್ದು 2022ರಲ್ಲಿ. ಸಾಕೆಟ್ಟಿನಲ್ಲಿ ಕೂತುಕೊಳ್ಳೋದೇನೋ ಕೂತುಕೊಳ್ಳುತ್ತೆ, ಆದರೆ ಬೋರ್ಡಿನೊಳಗಿನ ಬಯೋಸ್ (ಆನ್ ಮಾಡಿದಾಗ ಮೊದಲು ಏಳೋ ಪ್ರೋಗ್ರಾಮ್) ಹಳೇದಿದ್ದರೆ ಅದಕ್ಕೆ ಇವನು ಯಾರು ಅಂತಲೇ ಗೊತ್ತಿರಲ್ಲ. ಗೊತ್ತು ಮಾಡಿಸಲು ಬಯೋಸ್ ಅಪ್‌ಡೇಟ್ ಮಾಡಬೇಕು, ಅದನ್ನು ಮಾಡಲು ಬೋರ್ಡ್ ಆನ್ ಆಗಬೇಕು, ಆನ್ ಆಗಲು ಅದಕ್ಕೆ ಗೊತ್ತಿರೋ ಹಳೇ ಪ್ರೊಸೆಸರ್ ಬೇಕು. ನಂಬರ್ ಕಳೆದುಹೋಗಿದೆ ಅಂತ ಹೇಳಲು ಹೋದರೆ ಅದೇ ನಂಬರಿಗೆ ಒಟಿಪಿ ಕಳಿಸ್ತಾರಲ್ಲ, ಹಾಗೆ. ಕೆಲವು ಬೋರ್ಡಲ್ಲಿ ಪ್ರೊಸೆಸರ್ ಇಲ್ಲದೇ ಪೆನ್‌ಡ್ರೈವ್‌ನಿಂದಲೇ ಅಪ್‌ಡೇಟ್ ಮಾಡೋ ಬಟನ್ ಇರುತ್ತೆ. ನಮ್ಮದರಲ್ಲಿ ಇರಲಿಲ್ಲ. ಇರುತ್ತಾ ಹೇಳಿ?

ರಾಯಲ್ ಸರ್ಕಲ್ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿರೋ ಗೆಳೆಯ ತನ್ನ ಹಳೇ ರೈಜನ್ 3 2200ಜಿ ಪ್ರೊಸೆಸರನ್ನು ಒಂದು ಸಂಜೆಗೆ ಕೊಟ್ಟ. ನಮ್ಮ 5600 ಬಿಚ್ಚಬೇಕಲ್ಲ, ಅದನ್ನು ತಂಪಾಗಿಡಲು ಮೇಲೆ ಕೂತಿರೋ ಕೂಲರ್ ಹಿಡಿದು ಎಳೆದೆ. ಟಪ್ ಅಂತ ಸದ್ದಾಗಿ ಕೂಲರ್ ಜೊತೆ ಪ್ರೊಸೆಸರೂ ಕಿತ್ತು ಬಂತು, ಲಾಕ್ ತೆಗೆಯೋ ಮೊದಲೇ. ಮಧ್ಯೆ ಹಚ್ಚಿದ ಪೇಸ್ಟ್ ಅಂಟಿಕೊಂಡಿತ್ತು. ಬಳ್ಳಾರಿಯ ಮೇ ತಿಂಗಳಲ್ಲಿ ರಸ್ತೆಯ ಟಾರೇ ಕರಗುತ್ತೆ, ಈ ಪೇಸ್ಟ್ ಮಾತ್ರ ಬಿಡಲಿಲ್ಲ. ಎಳೆಯೋ ಮುಂಚೆ ಮೆಲ್ಲಗೆ ಅತ್ತಿತ್ತ ತಿರುಗಿಸಬೇಕಂತೆ, ಆಮೇಲೆ ತಿಳೀತು. ಎಎಂ4 ಪ್ರೊಸೆಸರಿಗೆ ಕೆಳಗಡೆ 1331 ಪಿನ್ನು, ಕೂದಲಿನಷ್ಟು ಸಣ್ಣವು. ಅದರಲ್ಲಿ ಎರಡು ಮಲಗಿದ್ದವು.

ಮತ್ತೆ ಚಾಚಾ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಪ್ರೊಸೆಸರನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೊಲಿಗೆ ಸೂಜಿಯಿಂದ ಒಂದನ್ನು ಎಬ್ಬಿಸಿದರು. ಓಣಿಯಲ್ಲಿ ಟ್ರ್ಯಾಕ್ಟರ್ ಹೋಯ್ತು, ಅದು ದಾಟೋವರೆಗೆ ಸೂಜಿ ಗಾಳಿಯಲ್ಲೇ ನಿಂತಿತ್ತು. ಆಮೇಲೆ ಇನ್ನೊಂದು. ನಾನು, ಅಳಿಯ ಇಬ್ಬರೂ ಮಾತಾಡಲಿಲ್ಲ. "ಇಷ್ಟು ಸಣ್ಣ ಸಾಮಾನು, ಎಷ್ಟು ಕೊಟ್ಟೆ ಇದಕ್ಕ?" ಅಂದರು. ಹೇಳಿದೆ. ಸೂಜಿ ಕೆಳಗಿಟ್ಟುಬಿಟ್ಟರು. "ಮೊದಲೇ ಹೇಳಿದ್ರೆ ಮುಟ್ಟುತಾನೇ ಇರ್ಲಿಲ್ಲ."

2200ಜಿ ಹಾಕಿ ಬಯೋಸ್ ಅಪ್‌ಡೇಟ್ ಮಾಡಿದ್ದಾಯ್ತು, 5600 ವಾಪಸ್ ಕೂರಿಸಿದ್ದೂ ಆಯ್ತು. ಮತ್ತೆ ಕಪ್ಪು. ಪಿನ್ನು ಹೋಯ್ತು ಅಂದುಕೊಂಡೆ. ಭಾವನಿಗೆ ಏನು ಹೇಳೋದು ಅಂತ ಮನಸ್ಸಿನಲ್ಲೇ ಮೂರು ಥರ ವಾಕ್ಯ ಕಟ್ಟಿದೆ. ಎರಡು ಗಂಟೆ ಕಳೆದ ಮೇಲೆ, ಮಂಡಕ್ಕಿ ಒಗ್ಗರಣೆ ತಿಂದ ಕೈ ಒರೆಸಿಕೊಳ್ಳುತ್ತಾ ಅಳಿಯ ಹಿಂದುಗಡೆ ಬಗ್ಗಿ ನೋಡಿದ. ಮಾನಿಟರ್ ಕೇಬಲ್ ಬೋರ್ಡಿಗೇ ಚುಚ್ಚಿತ್ತು. 2200ಜಿಯಲ್ಲಿ ಗ್ರಾಫಿಕ್ಸ್ ಒಳಗೇ ಇರುತ್ತೆ, ಅದಕ್ಕೇ ಅದು ನಡೆದಿತ್ತು. 5600ರಲ್ಲಿ ಇಲ್ಲ, ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ಬದಲಿಸಿದ. ಬೆಳಕು ಬಂತು. ಅವನು ನನ್ನ ಕಡೆ ನೋಡಲಿಲ್ಲ, ಒಳ್ಳೇ ಹುಡುಗ.

ಆ ಕೆಂಪು ಲೈಟಿನ ಫ್ಯಾನನ್ನು ಚಾಚಾ ಕೂಲಿ ಅಂತ ತಗೊಂಡು ಹೋದರು. 12 ವೋಲ್ಟಿನದು, ಹಳೇ ಬೈಕ್ ಬ್ಯಾಟರಿಗೆ ಕಟ್ಟಿ ಕಟಿಂಗ್ ಟೇಬಲ್ ಮೇಲೆ ಇಟ್ಟುಕೊಂಡಿದ್ದಾರೆ. ಮಧ್ಯಾಹ್ನ ಕರೆಂಟ್ ಹೋದಾಗ ಓಣಿಗೆಲ್ಲ ಅದೊಂದೇ ತಿರುಗೋದು. ಅಳಿಯನೂ ಅಲ್ಲೇ ಹೋಗಿ ಕೂರ್ತಾನೆ, ಭೌತಶಾಸ್ತ್ರದ ಪುಸ್ತಕ ಹಿಡ್ಕೊಂಡು.