ಟಿಕೆಟ್ ಮಾರುವ ಬಾಕ್ಸರ್, ಜಗಳ ಮಾರುವ ಪ್ರಮೋಟರ್

ಲಂಡನ್ನಿನ ಬೆತ್ನಲ್ ಗ್ರೀನಿನಲ್ಲಿ ಯಾರ್ಕ್ ಹಾಲ್ ಅಂತ ಒಂದು ಹಳೆಯ ಸಭಾಂಗಣವಿದೆ. ಸುಮಾರು 1,200 ಜನ ಹಿಡಿಸುತ್ತಾರೆ. ಅಲ್ಲಿ ನಾನು ಮೊದಲ ಸಲ ಬಾಕ್ಸಿಂಗ್ ನೋಡಲು ಹೋದಾಗ ಟಿಕೆಟ್ಟನ್ನು ನನ್ನ ಕೈಗೆ ಕೊಟ್ಟವನು ಆ ರಾತ್ರಿ ರಿಂಗಿಗೆ ಇಳಿಯಲಿದ್ದ ಹುಡುಗನೇ. ನನ್ನ ಸಹೋದ್ಯೋಗಿಯ ತಮ್ಮ. ಸಂಜೆ ರೈಲು ನಿಲ್ದಾಣದ ಬಾಗಿಲಲ್ಲಿ ಕಾಯುತ್ತಿದ್ದ. ಜಾಕೆಟ್ಟಿನ ಒಳಜೇಬಿನಿಂದ ಲಕೋಟೆ ತೆಗೆದು, ಅದರ ಮೇಲೆ ಬರೆದಿದ್ದ ಹೆಸರು ನೋಡಿ, ಎರಡು ಟಿಕೆಟ್ ಎಣಿಸಿ ಕೊಟ್ಟ. ಪಂದ್ಯದ ತೂಕಮಿತಿಗಾಗಿ ತೂಕ ಇಳಿಸಿದ್ದರಿಂದ ಕೆನ್ನೆ ಒಳಗೆ ಹೋಗಿತ್ತು. "ತಡ ಮಾಡಬೇಡಿ, ನಂದು ಎರಡನೇ ಪಂದ್ಯ" ಅಂದ.

ಇಂಗ್ಲೆಂಡಿಗೆ ಬರುವ ಮುಂಚೆ ಕೆಲವು ವರ್ಷ ಅಮೆರಿಕದಲ್ಲಿದ್ದೆ. ಅಲ್ಲಿ ನನಗೆ ಬಾಕ್ಸಿಂಗ್ ಪರಿಚಯವಾಗಿದ್ದು ಜಾಹೀರಾತಿನಿಂದ. 2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ಅಮೆರಿಕದ ಮೇವೆದರ್ ಮತ್ತು ಫಿಲಿಪೀನ್ಸಿನ ಪ್ಯಾಕಿಯಾವೊ ಸೆಣಸಿದರು. ಐದಾರು ವರ್ಷ ಎಳೆದಾಡಿ ಕೊನೆಗೂ ಕೂಡಿಬಂದ ಪಂದ್ಯ. ಮೇವೆದರ್‌ಗೆ 38, ಪ್ಯಾಕಿಯಾವೊಗೆ 36. ಮನೆಯಲ್ಲಿ ಕೂತು ನೋಡಲು ಹತ್ತಿರ ಹತ್ತಿರ 100 ಡಾಲರ್. ನಾವು ಹದಿನಾಲ್ಕು ಜನ ದುಡ್ಡು ಹಾಕಿ ಒಬ್ಬರ ಮನೆಯಲ್ಲಿ ಸೇರಿದ್ದೆವು. ಹಾಗೆ ಅಮೆರಿಕದಲ್ಲಿ 46 ಲಕ್ಷ ಖರೀದಿಗಳಾದವು. ಇದು ದಾಖಲೆ. ಹನ್ನೆರಡು ರೌಂಡ್ ಮುಗಿದು ಮೇವೆದರ್ ಗೆದ್ದಾಗ ನಮ್ಮ ಕೋಣೆಯಲ್ಲಿ ಕೇಳಿಸಿದ ಮಾತು, "ಇಷ್ಟೇನಾ?"

ಅವತ್ತು ನಾನೂ ಅದನ್ನೇ ಅಂದಿದ್ದೆ. ಆಮೇಲೆ ಅದೇ ಪಂದ್ಯವನ್ನು ಮತ್ತೆ ನೋಡಿದಾಗ ಎಷ್ಟನ್ನು ಕಣ್ತಪ್ಪಿಸಿಕೊಂಡಿದ್ದೆ ಅಂತ ಗೊತ್ತಾಯಿತು. ಎದುರಾಳಿಯ ಹೊಡೆತ ಬರುವಷ್ಟರಲ್ಲಿ ಮೇವೆದರ್ ಮೈಯನ್ನು ಹಿಂದಕ್ಕೆ ವಾಲಿಸಿ ಅದನ್ನು ತಪ್ಪಿಸಿಬಿಡುತ್ತಾನೆ. ಗುರಿ ತಪ್ಪಿದ ಕೈ ವಾಪಸ್ ಹೋಗುವ ಮುಂಚೆಯೇ ಇವನ ಬಲಗೈ ಮುಖಕ್ಕೆ ಬಿದ್ದಿರುತ್ತದೆ. ಬೆರಗುಗೊಳಿಸುವ ಕಸುಬು ಅದು. ವಾರಗಟ್ಟಲೆ ನಡೆದ ಪ್ರಚಾರ ನಮಗೆ ದುಡ್ಡಿನ ಲೆಕ್ಕ ಹೇಳಿತು, ಕಾರು ತೋರಿಸಿತು, ಶತಮಾನದ ಪಂದ್ಯ ಅಂತ ಕೂಗಿತು. ಏನನ್ನು ನೋಡಬೇಕು ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ. ಆ ಹದಿನಾಲ್ಕು ಜನರಲ್ಲಿ ಆಮೇಲೆ ಬಾಕ್ಸಿಂಗ್ ನೋಡಿದವನು ನನಗೆ ಗೊತ್ತಿರುವಂತೆ ನಾನೊಬ್ಬನೇ.

ಪ್ರಚಾರವೇ ಬೇಡ ಅನ್ನುವವನಲ್ಲ ನಾನು. ಮಹಮ್ಮದ್ ಅಲಿಗಿಂತ ಜೋರಾಗಿ ಮಾತಾಡಿದವರು ಯಾರಿದ್ದಾರೆ? ಗಾರ್ಜಿಯಸ್ ಜಾರ್ಜ್ ಎಂಬ ಕುಸ್ತಿಪಟುವಿನ ಬಡಾಯಿಗೆ ಜನ ಹೇಗೆ ಸೇರುತ್ತಾರೆ ಅಂತ ಕಣ್ಣಾರೆ ಕಂಡು ಕಲಿತವನು ಅಲಿ. ಆದರೆ ಎದುರಾಳಿ ಯಾವ ರೌಂಡಿನಲ್ಲಿ ಬೀಳುತ್ತಾನೆ ಅಂತ ಮೊದಲೇ ಹೇಳುತ್ತಿದ್ದ. 1962ರಲ್ಲಿ ಆರ್ಚಿ ಮೂರ್ ನಾಲ್ಕನೇ ರೌಂಡಿನಲ್ಲಿ ಬೀಳುತ್ತಾನೆ ಅಂದ; ಪಂದ್ಯ ನಾಲ್ಕನೇ ರೌಂಡಿನಲ್ಲೇ ಮುಗಿಯಿತು. ಹಾಗೆ ಹೇಳಿದ ಮೇಲೆ ಅವನನ್ನು ದ್ವೇಷಿಸುವವನೂ ಒಂದೊಂದು ರೌಂಡನ್ನು ಎಣಿಸಿಕೊಂಡು ನೋಡಬೇಕು. ಆ ಮಾತು ನೋಡುಗನ ಕಣ್ಣನ್ನು ರಿಂಗಿನ ಕಡೆಗೇ ತಿರುಗಿಸುತ್ತಿತ್ತು.

ಬ್ರಿಟನ್ನಿನಲ್ಲಿ ನಾನು ಕಂಡ ಒಳ್ಳೆಯ ಪ್ರಚಾರವೂ ಇದೇ ಜಾತಿಯದು. 2013ರ ನವೆಂಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಜಾರ್ಜ್ ಗ್ರೋವ್ಸ್ ಮೊದಲ ರೌಂಡಿನಲ್ಲೇ ಚಾಂಪಿಯನ್ ಕಾರ್ಲ್ ಫ್ರಾಚ್‌ನನ್ನು ನೆಲಕ್ಕೆ ಕೆಡವಿದ. ಒಂಬತ್ತನೇ ರೌಂಡಿನಲ್ಲಿ ಗ್ರೋವ್ಸ್ ಇನ್ನೂ ನಿಂತಿರುವಾಗಲೇ ರೆಫರಿ ಪಂದ್ಯ ನಿಲ್ಲಿಸಿ ಫ್ರಾಚ್ ಗೆದ್ದ ಅಂದರು. ಅವಸರ ಮಾಡಿದರು ಅಂತ ದೇಶವೆಲ್ಲ ವಾದ. ಗ್ರೋವ್ಸ್ ಮೇಲ್ಮನವಿ ಹಾಕಿದ, ಮರುಪಂದ್ಯಕ್ಕೆ ಆದೇಶವಾಯಿತು. 2014ರ ಮೇ 31ರಂದು ವೆಂಬ್ಲಿಯಲ್ಲಿ 80,000 ಜನ ಸೇರಿದರು. ಎಂಟನೇ ರೌಂಡಿನಲ್ಲಿ ಫ್ರಾಚ್‌ನ ಒಂದೇ ಒಂದು ಬಲಗೈ ಹೊಡೆತ ಆ ವಾದವನ್ನು ಮುಗಿಸಿತು. ಆ ಜಗಳ ರಿಂಗಿನೊಳಗೆ ಹುಟ್ಟಿದ್ದು. ಪಂದ್ಯ ಏರ್ಪಡಿಸುವ ಪ್ರಮೋಟರ್ ಅದನ್ನು ಜನರ ಮುಂದೆ ನೆಟ್ಟಗೆ ಇಟ್ಟ, ಅಷ್ಟೇ.

ಇಲ್ಲೂ ಎಲ್ಲ ಸರಿಯಾಗಿಲ್ಲ. 2025ರ ಫೆಬ್ರವರಿಯಲ್ಲಿ ಕ್ರಿಸ್ ಯೂಬ್ಯಾಂಕ್ ಜೂನಿಯರ್ ಪತ್ರಿಕಾಗೋಷ್ಠಿಯಲ್ಲಿ ಕಾನರ್ ಬೆನ್ ಮುಖಕ್ಕೆ ಮೊಟ್ಟೆ ಒಡೆದ. 1,00,000 ಪೌಂಡ್ ದಂಡ ಬಿತ್ತು, ವಿಡಿಯೊ ಎಲ್ಲೆಡೆ ಓಡಿತು. ಏಪ್ರಿಲಿನಲ್ಲಿ ಇವರಿಬ್ಬರ ಪಂದ್ಯಕ್ಕೆ ಲಂಡನ್ನಿನ ಟಾಟನ್‌ಹ್ಯಾಮ್ ಕ್ರೀಡಾಂಗಣ ತುಂಬಿದ್ದು ಮೊಟ್ಟೆಯಿಂದಲೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇವರಿಬ್ಬರ ಅಪ್ಪಂದಿರು 1990ರಲ್ಲಿ ಸೆಣಸಿದ್ದರು. 1993ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಮತ್ತೆ ಸೆಣಸಿ ಪಂದ್ಯ ಸಮವಾಯಿತು. ಅದನ್ನು ಐಟಿವಿಯಲ್ಲಿ ಪುಕ್ಕಟೆಯಾಗಿ ನೋಡಿದವರು 1.6 ಕೋಟಿಗೂ ಹೆಚ್ಚು. ನನ್ನ ಕಚೇರಿಯಲ್ಲಿ ಬಾಕ್ಸಿಂಗಿನ ಗಂಧವೇ ಇಲ್ಲದ ಐವತ್ತು ದಾಟಿದವರೂ ಆ ರಾತ್ರಿ ತಾವು ಎಲ್ಲಿ ಕೂತು ನೋಡಿದೆವು ಅಂತ ಹೇಳುತ್ತಾರೆ. ಮೂವತ್ತು ವರ್ಷದ ಮೇಲೂ ಆ ಎರಡು ಮನೆತನದ ಹೆಸರಿಗೆ ಬೆಲೆ ಬಂದದ್ದು ಅಲ್ಲಿಂದ. ಈಗ ದೊಡ್ಡ ಪಂದ್ಯಗಳೆಲ್ಲ ದುಡ್ಡು ಕೊಟ್ಟವರ ಪಾಲಾಗಿವೆ. ಪುಕ್ಕಟೆ ಟಿವಿ ಕೂಡಿಟ್ಟ ಗಂಟನ್ನು ಈಗಿನ ಪ್ರಮೋಟರ್‌ಗಳು ಕರಗಿಸುತ್ತಿದ್ದಾರೆ, ಹೊಸದಾಗಿ ಏನನ್ನೂ ಕೂಡಿಡುತ್ತಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಇದರ ಮೇಲೆ ಚಾಂಪಿಯನ್ ಪಟ್ಟ ಕೊಡುವ ನಾಲ್ಕು ಸಂಸ್ಥೆಗಳು, ಕನಿಷ್ಠ ಹದಿನೇಳು ತೂಕದ ವರ್ಗಗಳು, ಎಲ್ಲದಕ್ಕೂ ಬೇರೆ ಬೇರೆ ಬೆಲ್ಟು. ಹೊಸಬ ಯಾರನ್ನು ಚಾಂಪಿಯನ್ ಅಂತ ನೆನಪಿಟ್ಟುಕೊಳ್ಳಬೇಕು?

ಅಮೆರಿಕದಿಂದಲೂ ಒಂದು ಒಳ್ಳೆಯ ಉದಾಹರಣೆ ಇದೆ. 2024ರ ನವೆಂಬರಿನಲ್ಲಿ 58 ವರ್ಷದ ಮಾಜಿ ಚಾಂಪಿಯನ್ ಮೈಕ್ ಟೈಸನ್ ಮತ್ತು ಯೂಟ್ಯೂಬಿನಿಂದ ಹೆಸರಾದ 27 ವರ್ಷದ ಜೇಕ್ ಪಾಲ್ ನೆಟ್‌ಫ್ಲಿಕ್ಸ್‌ನಲ್ಲಿ ಬಂದರು, ಎರಡೆರಡು ನಿಮಿಷದ ಎಂಟು ರೌಂಡ್. ಆ ಪಂದ್ಯದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಆದರೆ ಅದಕ್ಕೂ ಮುಂಚೆ, ಅದೇ ರಿಂಗಿನಲ್ಲಿ, ಬೇರೆ ದುಡ್ಡು ಕೇಳದೆ, ಕೇಟಿ ಟೇಲರ್ ಮತ್ತು ಅಮಾಂಡಾ ಸೆರಾನೊ ಎಂಬ ಮಹಿಳಾ ಬಾಕ್ಸರುಗಳ ಪಂದ್ಯ ತೋರಿಸಿದರು. ಹುಬ್ಬಿನ ಮೇಲೆ ಸೀಳು ಬಿದ್ದು ರಕ್ತ ಸುರಿಯುತ್ತಿದ್ದರೂ ಸೆರಾನೊ ಹತ್ತೂ ರೌಂಡ್ ಮುನ್ನುಗ್ಗುತ್ತಲೇ ಇದ್ದರು. ಯಾರನ್ನೋ ನೋಡಲು ಕೂತಿದ್ದ ಕೋಟಿಗಟ್ಟಲೆ ಜನಕ್ಕೆ ಇವರಿಬ್ಬರ ಪರಿಚಯವಾಯಿತು. ಮುಂದಿನ ಜುಲೈನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವರ ಮೂರನೇ ಪಂದ್ಯವೇ ಮುಖ್ಯ ಪಂದ್ಯ, ಆ ರಾತ್ರಿ ಸೆಣಸಿದವರೆಲ್ಲ ಹೆಂಗಸರು.

ಬಾಕ್ಸರನೇ ಟಿಕೆಟ್ ಮಾರುವ ಯಾರ್ಕ್ ಹಾಲಿನ ಪದ್ಧತಿಯಲ್ಲೂ ಕ್ರೌರ್ಯವಿದೆ. ಮಾರಿದ ಟಿಕೆಟ್ಟಿನ ದುಡ್ಡಿನಲ್ಲೇ ಎದುರಾಳಿಯ ಸಂಭಾವನೆ ಹೋಗಬೇಕು, ಉಳಿದದ್ದು ಹುಡುಗನಿಗೆ. ಒಳ್ಳೆಯ ಕೈಚಳಕವಿದ್ದೂ ನೆಂಟರು ಸ್ನೇಹಿತರು ಕಡಿಮೆ ಇರುವವನು ಪಂದ್ಯವಿಲ್ಲದೆ ಮನೆಯಲ್ಲಿ ಕೂರುತ್ತಾನೆ. ಎದುರು ಮೂಲೆಗೆ ಬರುವವನ ಕಸುಬೇ ಸೋಲುವುದು. ಪೀಟರ್ ಬಕ್ಲಿ ಹಾಗೆ 300 ಪಂದ್ಯ ಆಡಿ 256ರಲ್ಲಿ ಸೋತ. ಅಂಥವರಿಲ್ಲದೆ ಒಬ್ಬ ಹೊಸ ಬಾಕ್ಸರನೂ ತಯಾರಾಗುವುದಿಲ್ಲ. ಆದರೂ ಭಿತ್ತಿಪತ್ರದಲ್ಲಿ ಅವರ ಚಿತ್ರ ಇರುವುದಿಲ್ಲ. ಇದನ್ನು ಸರಿಮಾಡಲು ದೊಡ್ಡ ಖರ್ಚೇನೂ ಬೇಕಿಲ್ಲ. ಎದುರು ಮೂಲೆಯವನ ಬಗ್ಗೆಯೂ ರಿಂಗಿನಲ್ಲಿ ಎರಡು ಮಾತು ಹೇಳಿದರೆ ಸಾಕು.

ಹಾಗಿದ್ದರೂ ಅಲ್ಲಿ ಬರುವವರಿಗೆ ರಿಂಗಿನಲ್ಲಿರುವ ಹುಡುಗ ಯಾರು ಅಂತ ಗೊತ್ತು. ಆ ರಾತ್ರಿ ಅವನದು ನಾಲ್ಕು ರೌಂಡ್. ಅಂಕ ಕೊಡುವವರೂ ರೆಫರಿ ಒಬ್ಬರೇ. 40-36, ಅಂದರೆ ನಾಲ್ಕೂ ರೌಂಡ್ ಗೆದ್ದ ಅಂತ ಹೇಳಿ ನಮ್ಮ ಹುಡುಗನ ಕೈ ಎತ್ತಿದರು. ಅರ್ಧ ಗಂಟೆಯಲ್ಲಿ ಅವನು ಒದ್ದೆ ತಲೆಯಲ್ಲೇ ಬಾಲ್ಕನಿಗೆ ಬಂದು ಪ್ರತಿ ಸಾಲಿಗೂ ಹೋಗಿ ಎಲ್ಲರ ಕೈ ಕುಲುಕಿದ. ಗೆಣ್ಣು ಊದಿಕೊಂಡಿತ್ತು, ಮೆಲ್ಲಗೆ ಹಿಡಿದೆ. ಎರಡನೇ ರೌಂಡಿನಲ್ಲಿ ಅವನ ಎಡಗೈಯ ಚುರುಕು ನೇರ ಹೊಡೆತ, ಜ್ಯಾಬ್, ಚೆನ್ನಾಗಿ ತಾಗುತ್ತಿತ್ತು ಅಂದೆ. ಮುಖ ಅರಳಿತು. "ಮುಂದಿನದು ಮಾರ್ಚಿನಲ್ಲಿ" ಅಂದ. "ನಿಮಗೆ ಎಷ್ಟು ಟಿಕೆಟ್ ಇಡಲಿ?"